ಕಾರಿಗೆ ಕಿಲೋಮೀಟರಿಗೆ ನಿಜಕ್ಕೂ ಎಷ್ಟು ಬೀಳುತ್ತದೆ? ಲೆಕ್ಕ ಹಾಕುವುದು ಹೀಗೆ

ಹೊಸ ಕಾರು ಮನೆ ಮುಂದೆ ಬಂದು ನಿಂತ ದಿನ ನೆಂಟರೂ ನೆರೆಹೊರೆಯವರೂ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಕೊಡುತ್ತೆ?’ ಲೀಟರಿಗೆ ಹದಿನೆಂಟು, ಇಪ್ಪತ್ತು ಎಂಬ ಉತ್ತರ ಸಿಕ್ಕಿದ ಕೂಡಲೇ ಗಾಡಿ ಲಾಭದ್ದೋ ನಷ್ಟದ್ದೋ ಎಂಬ ತೀರ್ಮಾನವೂ ಅಲ್ಲೇ ಆಗಿಬಿಡುತ್ತದೆ. ಆದರೆ ವ್ಯಾಗನ್ ಆರ್, ಸ್ವಿಫ್ಟ್, ಐ10, ಟಿಯಾಗೊ, ಪಂಚ್ ಮುಂತಾದ ಸಾಮಾನ್ಯ ಕಾರನ್ನು ಸಾಲದಲ್ಲಿ ಕೊಂಡು ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸುವ ಕುಟುಂಬ ಪೆಟ್ರೋಲಿಗೆ ಸುರಿಯುವ ಹಣ ಒಟ್ಟು ಖರ್ಚಿನ ಮೂರನೇ ಒಂದು ಭಾಗವನ್ನು ದಾಟುವುದು ಕಷ್ಟ. ಉಳಿದದ್ದರಲ್ಲಿ ಬಹುಪಾಲು ಗಾಡಿ ಓಡಿದರೂ, ಹೊದಿಕೆ ಹೊದ್ದು ಗೇಟಿನೊಳಗೇ ನಿಂತಿದ್ದರೂ ಕರಗುತ್ತಲೇ ಇರುತ್ತದೆ. ಆ ಖರ್ಚನ್ನು ಕಾಗದದ ಮೇಲೆ ತರುವ ವಿಧಾನ ಇಲ್ಲಿದೆ. ಒಂದು ನೋಟ್‌ಬುಕ್ಕು, ಮೊಬೈಲಿನ ಕ್ಯಾಲ್ಕುಲೇಟರ್, ಷೋರೂಮಿನ ಕೊಟೇಶನ್ ಅಥವಾ ನಿಮ್ಮ ಹಳೆಯ ಬಿಲ್ಲುಗಳು ಇದ್ದರೆ ಒಂದು ಸಂಜೆಯ ಕೆಲಸ.

ಉದಾಹರಣೆಗೆ ಎಕ್ಸ್-ಷೋರೂಂ ಬೆಲೆ, ಅಂದರೆ ರಾಜ್ಯದ ತೆರಿಗೆ, ನೋಂದಣಿ, ವಿಮೆ ಸೇರುವ ಮುಂಚಿನ ಬೆಲೆ, 6,50,000 ರೂಪಾಯಿ ಇರುವ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರೊಂದನ್ನು ಇಟ್ಟುಕೊಳ್ಳೋಣ. ಕೊಂಡು ಐದು ವರ್ಷಕ್ಕೆ ಮಾರುವುದೆಂದೂ ಭಾವಿಸೋಣ.

ಹೆಜ್ಜೆ 1: ಆನ್-ರೋಡ್ ಬೆಲೆಯನ್ನು ಬಿಡಿಸಿ ನೋಡಿ

ಜಾಹೀರಾತಿನಲ್ಲಿ ಕಾಣುವ ಬೆಲೆಗೂ ಕಾರು ರಸ್ತೆಗಿಳಿಯುವ ಹೊತ್ತಿಗೆ ಆಗುವ ಬೆಲೆಗೂ ಕರ್ನಾಟಕದಲ್ಲಿ ದೊಡ್ಡ ಅಂತರವಿದೆ. ಅದಕ್ಕೆ ಮುಖ್ಯ ಕಾರಣ ನಮ್ಮ ಜೀವಾವಧಿ ತೆರಿಗೆ. 5 ಲಕ್ಷದವರೆಗಿನ ಕಾರಿಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲ್ಪಟ್ಟರೆ ಶೇ 18. ಈ ತೆರಿಗೆಯ ಮೊತ್ತದ ಮೇಲೆ ಮತ್ತೆ ಶೇ 11ರಷ್ಟು ಸೆಸ್. ಹಾಗಾಗಿ ನಮ್ಮ ಉದಾಹರಣೆಯ ಕಾರಿಗೆ ಬೀಳುವುದು ಶೇ 15.54, ಅಂದರೆ 1,01,010 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದು, ಅದರ ಮೇಲಿದ್ದ ಸೆಸ್ ಕೂಡ ಹೋದದ್ದರಿಂದ ಎಕ್ಸ್-ಷೋರೂಂ ಬೆಲೆ ತಗ್ಗಿತು. ಅದರ ಮೇಲೆ ಲೆಕ್ಕವಾಗುವ ರಾಜ್ಯದ ತೆರಿಗೆಯೂ ಅಷ್ಟರಮಟ್ಟಿಗೆ ಇಳಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಶೇಕಡಾವಾರು ತೆರಿಗೆ ಆದಾಯ ತೆರಿಗೆಯ ಹಾಗೆ ಹೆಚ್ಚುವರಿ ಮೊತ್ತಕ್ಕೆ ಮಾತ್ರ ಅನ್ವಯಿಸುವುದಿಲ್ಲ, ಇಡೀ ಬೆಲೆಗೆ ಅನ್ವಯಿಸುತ್ತದೆ. 9,99,000 ರೂಪಾಯಿಯ ಕಾರಿಗೆ ಸೆಸ್ ಸೇರಿ ಸುಮಾರು 1,55,250 ರೂಪಾಯಿ ತೆರಿಗೆಯಾದರೆ, 10,01,000 ರೂಪಾಯಿಯ ಕಾರಿಗೆ ಸುಮಾರು 1,88,900 ಆಗುತ್ತದೆ. ಎರಡು ಸಾವಿರದ ವ್ಯತ್ಯಾಸಕ್ಕೆ ಮೂವತ್ತಮೂರು ಸಾವಿರಕ್ಕೂ ಹೆಚ್ಚು ದಂಡ! ಹತ್ತು ಲಕ್ಷದ ಆಸುಪಾಸಿನ ಕಾರು ನೋಡುತ್ತಿರುವವರು ಎರಡು ಬಣ್ಣದ ಮಾಡಿಗೋ ಅಲಾಯ್ ಚಕ್ರಕ್ಕೋ ಆಸೆಪಟ್ಟು ಮೇಲಿನ ವೇರಿಯಂಟ್‌ಗೆ ಹಾರುವ ಮುನ್ನ ಈ ಗೆರೆಯನ್ನು ನೆನಪಿಡಬೇಕು.

ಕೊಟೇಶನ್ನಿನ ಉಳಿದ ಸಾಲುಗಳನ್ನೂ ಒಂದೊಂದಾಗಿ ಓದಿ. ನೋಂದಣಿ ಶುಲ್ಕ, ನಂಬರ್ ಪ್ಲೇಟ್, ಫಾಸ್ಟ್ಯಾಗ್ ಸಹಜವಾದವು. ‘ಹ್ಯಾಂಡ್ಲಿಂಗ್ ಚಾರ್ಜ್’, ‘ಎಸೆನ್ಷಿಯಲ್ ಕಿಟ್’ ಎಂಬಂಥವು ಕಂಡರೆ ಇವು ಯಾಕೆ ಎಂದು ಕೇಳಿ. ಕೇಳಿದವರಿಗೆ ಅವು ಹಲವು ಬಾರಿ ಮಾಯವಾಗುತ್ತವೆ. ವಿಮೆಯನ್ನು ಡೀಲರ್ ಮೂಲಕವೇ ಮಾಡಿಸಬೇಕೆಂಬ ಕಟ್ಟಳೆಯೂ ಇಲ್ಲ. ಮೊದಲ ವಿಮೆಗೆ 32,000, ಸಣ್ಣಪುಟ್ಟ ಶುಲ್ಕಗಳಿಗೆ 5,000 ಎಂದಿಟ್ಟುಕೊಂಡರೆ ನಮ್ಮ ಕಾರಿನ ಆನ್-ರೋಡ್ ಬೆಲೆ ಸುಮಾರು 7,88,000 ರೂಪಾಯಿ. ಈ ಅಂಕಿಯನ್ನು ಪುಟದ ಮೇಲ್ತುದಿಯಲ್ಲಿ ಬರೆಯಿರಿ.

ಹೆಜ್ಜೆ 2: ಕುಸಿಯುವ ಬೆಲೆಯನ್ನು ಖರ್ಚೆಂದೇ ಬರೆಯಿರಿ

ಇದು ಎಲ್ಲಕ್ಕಿಂತ ದೊಡ್ಡ ಖರ್ಚು, ಆದರೂ ಯಾರೂ ಬರೆಯದ ಖರ್ಚು. ಪೆಟ್ರೋಲಿನ ದುಡ್ಡು ಕೈಯಿಂದ ಹೋಗುವುದು ಕಾಣುತ್ತದೆ. ಬೆಲೆ ಕುಸಿಯುವುದು ಮಾರುವ ದಿನದವರೆಗೆ ಕಾಣುವುದಿಲ್ಲ. ಐದು ವರ್ಷದ ನಂತರ ಎಷ್ಟು ಸಿಗಬಹುದೆಂದು ತಿಳಿಯಲು ಅದೇ ಮಾಡೆಲಿನ ಐದು ವರ್ಷ ಹಳೆಯ ಕಾರುಗಳು ನಿಮ್ಮ ಊರಿನಲ್ಲಿ ಯಾವ ಬೆಲೆಗೆ ಕೈಬದಲಾಗುತ್ತಿವೆ ಎಂದು ವಿಚಾರಿಸಿ. ಅದು ಸಿಗದಿದ್ದರೆ ವಿಮಾ ಪಾಲಿಸಿಯಲ್ಲಿ ನಮೂದಾಗುವ ಐಡಿವಿಯನ್ನು, ಅಂದರೆ ಕಾರು ಪೂರ್ತಿ ಹೋದರೆ ಕಂಪನಿ ಕಟ್ಟಿಕೊಡುವ ಗರಿಷ್ಠ ಮೊತ್ತವನ್ನು, ಆಧಾರವಾಗಿ ಹಿಡಿಯಬಹುದು. ಅದರ ಕೋಷ್ಟಕದ ಪ್ರಕಾರ ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡು ವರ್ಷದೊಳಗೆ ಶೇ 20, ಆಮೇಲೆ ವರ್ಷಕ್ಕೆ ಹತ್ತರಂತೆ ಏರಿ ಐದನೆಯ ವರ್ಷಕ್ಕೆ ಶೇ 50ರಷ್ಟು ಕಡಿತವಾಗುತ್ತದೆ. ಬೇಡಿಕೆಯಿರುವ ಮಾಡೆಲಿಗೆ ಮಾರುಕಟ್ಟೆಯಲ್ಲಿ ಇದಕ್ಕಿಂತ ತುಸು ಹೆಚ್ಚೇ ಸಿಗುತ್ತದೆ. ಆದರೆ ಐಡಿವಿ ಲೆಕ್ಕವಾಗುವುದು ಎಕ್ಸ್-ಷೋರೂಂ ಬೆಲೆಯ ಮೇಲೆ ಎಂಬುದನ್ನು ಮರೆಯಬಾರದು. ನೀವು ಕಟ್ಟಿದ ಒಂದು ಲಕ್ಷದ ತೆರಿಗೆಗೆ ಅಲ್ಲಿ ಬೆಲೆಯೇ ಇಲ್ಲ.

ನಮ್ಮ ಕಾರು 3,50,000ಕ್ಕೆ ಹೋಯಿತೆನ್ನೋಣ. 7,88,000ದಲ್ಲಿ ಅದನ್ನು ಕಳೆದರೆ ನಷ್ಟ 4,38,000. ವರ್ಷಕ್ಕೆ 87,600 ರೂಪಾಯಿ.

ಹೆಜ್ಜೆ 3: ಸಾಲದ ಬಡ್ಡಿ

ಕಂತನ್ನು ಪೂರ್ತಿಯಾಗಿ ಖರ್ಚಿಗೆ ಬರೆಯಬೇಡಿ, ಅಸಲು ಈಗಾಗಲೇ ಬೆಲೆಯ ಲೆಕ್ಕದಲ್ಲಿ ಬಂದಿದೆ. ಬಡ್ಡಿಯನ್ನು ಮಾತ್ರ ಬರೆಯಿರಿ. 5 ಲಕ್ಷ ಸಾಲಕ್ಕೆ ಶೇ 9ರ ದರದಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 10,380 ರೂಪಾಯಿ. ಒಟ್ಟು ಬಡ್ಡಿ 1,22,750, ವರ್ಷಕ್ಕೆ 24,550. ಇದೇ ಸಾಲವನ್ನು ಏಳು ವರ್ಷಕ್ಕೆ ಎಳೆದರೆ ಕಂತು 8,045ಕ್ಕೆ ಇಳಿದು ಹಗುರವೆನಿಸುತ್ತದೆ, ಆದರೆ ಒಟ್ಟು ಬಡ್ಡಿ 1,75,000 ದಾಟುತ್ತದೆ. ‘ಕಂತು ಎಷ್ಟಾದರೆ ನಿಮಗೆ ಅನುಕೂಲ ಸಾರ್?’ ಎಂದು ಮಾರಾಟಗಾರ ಕೇಳುವುದು ಈ ಎರಡನೆಯ ಅಂಕಿಯ ಕಡೆ ನಿಮ್ಮ ಗಮನ ಹೋಗದಿರಲೆಂದೇ.

ಹೆಜ್ಜೆ 4: ವಿಮೆ

ವಿಮೆಯಲ್ಲಿ ಎರಡು ಭಾಗ. ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1,000ದಿಂದ 1,500 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ಹೊಸ ಕಾರಿಗೆ ಒಮ್ಮೆಗೇ ಕಟ್ಟಬೇಕಾದ ಮೂರು ವರ್ಷದ್ದು 10,640 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಸ್ವಂತ ಕಾರಿನ ಹಾನಿಗೆ ಮಾಡಿಸುವ ಎರಡನೆಯ ಭಾಗದಲ್ಲಿ ಕಂಪನಿಯಿಂದ ಕಂಪನಿಗೆ ದರ ಬೇರೆ, ಚೌಕಾಸಿ ಸಾಧ್ಯವಿರುವುದು ಇಲ್ಲೇ. ಕ್ಲೇಮ್ ಮಾಡದಿದ್ದರೆ ಮೊದಲ ವರ್ಷದ ಬಳಿಕ ಈ ಭಾಗದಲ್ಲಿ ಶೇ 20, ನಂತರ 25, 35, 45, ಕೊನೆಗೆ ಶೇ 50ರವರೆಗೆ ರಿಯಾಯಿತಿ ಬೆಳೆಯುತ್ತದೆ. ಆದ್ದರಿಂದ ಗೀರು ಬಿದ್ದ ಬಂಪರಿನ ಎರಡು ಸಾವಿರದ ಪೇಂಟಿಂಗಿಗೆ ಕ್ಲೇಮ್ ಮಾಡಿ ಮುಂದಿನ ವರ್ಷದ ಈ ರಿಯಾಯಿತಿ ಕಳೆದುಕೊಳ್ಳುವುದು ಜಾಣತನವಲ್ಲ. ಬೆಂಗಳೂರಿನ ಅಂಡರ್‌ಪಾಸುಗಳಲ್ಲಿ ಮಳೆನೀರು ನಿಲ್ಲುವುದನ್ನು ಬಲ್ಲವರು ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ತೆಗೆದುಕೊಳ್ಳುವುದು ಒಳ್ಳೆಯದು. ನೀರು ಹೊಕ್ಕ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಆದ ಹಾನಿಯನ್ನು ಸಾಮಾನ್ಯ ಪಾಲಿಸಿ ಕಟ್ಟಿಕೊಡುವುದಿಲ್ಲ.

ಮೊದಲ ವರ್ಷದ ಹಣ ಆನ್-ರೋಡ್ ಬೆಲೆಯಲ್ಲೇ ಸೇರಿದೆ. ಉಳಿದ ನಾಲ್ಕು ವರ್ಷಕ್ಕೆ ಸರಾಸರಿ 12,500ರಂತೆ 50,000; ಐದರಿಂದ ಭಾಗಿಸಿದರೆ ವರ್ಷಕ್ಕೆ 10,000.

ಹೆಜ್ಜೆ 5: ಸರ್ವಿಸ್, ಟೈರು, ಬ್ಯಾಟರಿ ಮತ್ತು ಚಿಲ್ಲರೆ

‘ಫ್ರೀ ಸರ್ವಿಸ್’ನಲ್ಲಿ ಪುಕ್ಕಟೆ ಇರುವುದು ಕೂಲಿ ಮಾತ್ರ, ಎಂಜಿನ್ ಆಯಿಲ್, ಫಿಲ್ಟರುಗಳಿಗೆ ಹಣ ಕೊಡಲೇಬೇಕು. ಬಹುತೇಕ ಸಣ್ಣ ಪೆಟ್ರೋಲ್ ಕಾರುಗಳಿಗೆ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಸರ್ವಿಸ್. ಗಾಡಿ ಬಿಡುವಾಗ ಜಾಬ್ ಕಾರ್ಡಿನಲ್ಲಿ ಬರೆದ ಪ್ರತಿ ಸಾಲನ್ನೂ ಓದಿ ಸಹಿ ಹಾಕಿ. ಮಾಲೀಕರ ಕೈಪಿಡಿಯಲ್ಲಿ ಇಲ್ಲದ ‘ಎಂಜಿನ್ ಫ್ಲಷ್’, ‘ಎ.ಸಿ. ಟ್ರೀಟ್‌ಮೆಂಟ್’ಗಳನ್ನು ಬೇಡವೆನ್ನಬಹುದು. ಸಣ್ಣ ರಿಪೇರಿ ಸೇರಿ ವರ್ಷಕ್ಕೆ 7,000 ಇಡಿ.

ಟೈರುಗಳು ಸಾಮಾನ್ಯವಾಗಿ 40ರಿಂದ 50 ಸಾವಿರ ಕಿಲೋಮೀಟರ್ ಬಾಳುತ್ತವೆ. ಹೊಸ ಟೈರು ಹಾಕಿಸುವಾಗ ಅದರ ಪಕ್ಕದ ಗೋಡೆಯ ಮೇಲೆ ಸಣ್ಣ ಚೌಕಟ್ಟಿನಲ್ಲಿರುವ ನಾಲ್ಕು ಅಂಕಿಗಳನ್ನು ಹುಡುಕಿ: 2325 ಎಂದಿದ್ದರೆ ಅದು 2025ರ 23ನೇ ವಾರದಲ್ಲಿ ತಯಾರಾದದ್ದು. ಎರಡು ವರ್ಷ ಗೋದಾಮಿನಲ್ಲಿ ಮಲಗಿದ್ದ ಟೈರಿಗೆ ಪೂರ್ತಿ ಬೆಲೆ ಕೊಡಬೇಕಿಲ್ಲ. ಐದು ವರ್ಷದಲ್ಲಿ ನಾಲ್ಕು ಟೈರಿಗೆ 18,000, ಒಂದು ಬ್ಯಾಟರಿಗೆ 5,000 ಎಂದರೆ ವರ್ಷಕ್ಕೆ 4,600.

ಪಾರ್ಕಿಂಗ್, ಟೋಲ್, ಕಾರು ಒರೆಸುವವರ ಸಂಬಳ, ಹೊಗೆ ತಪಾಸಣೆ ಎಲ್ಲಕ್ಕೂ ತಿಂಗಳಿಗೆ ಸಾವಿರ, ವರ್ಷಕ್ಕೆ 12,000. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆಗಾಗ ಓಡಾಡುವವರಿಗೆ 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಆರಂಭವಾದ, ಒಂದು ವರ್ಷ ಅಥವಾ 200 ಬಾರಿ ಟೋಲ್ ದಾಟಲು ಬರುವ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲಾಭದಾಯಕ; ಬೆಂಗಳೂರಿನ ಖಾಸಗಿ ನೈಸ್ ರಸ್ತೆಯಲ್ಲಿ ಅದು ನಡೆಯುವುದಿಲ್ಲ. ಕರಾವಳಿಯವರು ತುಕ್ಕಿನ ಬಾಬತ್ತಿಗೆ, ಮನೆ ಸುತ್ತ ತೋಟ ಇರುವವರು ಇಲಿ ಕಡಿಯುವ ವೈರುಗಳ ಬಾಬತ್ತಿಗೆ ಇನ್ನಷ್ಟು ಸೇರಿಸಿಕೊಳ್ಳಬೇಕು.

ಹೆಜ್ಜೆ 6: ಮೈಲೇಜನ್ನು ನೀವೇ ಅಳೆಯಿರಿ

ಕಂಪನಿ ಹೇಳುವ ಮೈಲೇಜು ಪ್ರಯೋಗಾಲಯದ್ದು, ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ದಟ್ಟಣೆಯದ್ದಲ್ಲ. ಬಂಕಿನಲ್ಲಿ ಪಂಪು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಟ್ಯಾಂಕ್ ಕಾಲುಭಾಗಕ್ಕೆ ಬಂದಾಗ ಅದೇ ಬಂಕಿಗೆ ಹೋಗಿ ಮತ್ತೆ ಪಂಪು ನಿಲ್ಲುವವರೆಗೆ ತುಂಬಿಸಿ. ಮೀಟರು 412 ಕಿ.ಮೀ. ತೋರಿಸಿ, ಬಿಲ್ಲಿನಲ್ಲಿ 27.5 ಲೀಟರ್ ಎಂದಿದ್ದರೆ ಮೈಲೇಜು ಲೀಟರಿಗೆ 15 ಕಿ.ಮೀ. ಮೂರ್ನಾಲ್ಕು ಸಲದ ಸರಾಸರಿ ಹಿಡಿಯಿರಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಾದರೆ ಹತ್ತು ಸಾವಿರ ಕಿಲೋಮೀಟರಿಗೆ ಸುಮಾರು 68,700 ರೂಪಾಯಿ.

ಹೆಜ್ಜೆ 7: ಕೂಡಿಸಿ, ಭಾಗಿಸಿ

87,600, 24,550, 10,000, 7,000, 4,600, 12,000, ಮತ್ತು ಪೆಟ್ರೋಲಿನ 68,700. ಒಟ್ಟು ಸುಮಾರು 2,14,500 ರೂಪಾಯಿ. ತಿಂಗಳಿಗೆ 17,900ರಷ್ಟು, ಕಿಲೋಮೀಟರಿಗೆ 21 ರೂಪಾಯಿ 45 ಪೈಸೆ. ಇದೇ ಕಾರನ್ನು ವರ್ಷಕ್ಕೆ ಐದೇ ಸಾವಿರ ಕಿಲೋಮೀಟರ್ ಓಡಿಸಿದರೆ, ಸರ್ವಿಸ್ ಮತ್ತು ಟೈರಿನ ಖರ್ಚು ಇಳಿದರೂ, ಕಿಲೋಮೀಟರಿಗೆ 35 ರೂಪಾಯಿಯ ಹತ್ತಿರ ಬರುತ್ತದೆ. ಇಪ್ಪತ್ತು ಸಾವಿರ ಓಡಿಸುವವರಿಗೆ 15 ರೂಪಾಯಿಯೊಳಗೆ ಮುಗಿಯುತ್ತದೆ.

ಈ ಅಂಕಿ ಕೈಯಲ್ಲಿದ್ದರೆ ಹಲವು ತೀರ್ಮಾನಗಳು ಸುಲಭ. ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ನಿಗದಿಪಡಿಸಿದ ನಗರ ಟ್ಯಾಕ್ಸಿ ದರದಂತೆ 10 ಲಕ್ಷದೊಳಗಿನ ವಾಹನಕ್ಕೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ನಂತರ ಕಿಲೋಮೀಟರಿಗೆ 24 ರೂಪಾಯಿ. ವಾರಾಂತ್ಯಕ್ಕೆ ಮಾತ್ರ ಗಾಡಿ ತೆಗೆಯುವ, ಕಚೇರಿಗೆ ಮೆಟ್ರೊದಲ್ಲಿ ಹೋಗುವ ಕುಟುಂಬಕ್ಕೆ ಟ್ಯಾಕ್ಸಿಯೇ ಅಗ್ಗ. ಹಾಗೆಂದು ರಾತ್ರಿ ಕರೆದರೆ ಟ್ಯಾಕ್ಸಿ ಬಾರದ ಊರಿನವರಿಗೆ, ವಯಸ್ಸಾದ ತಂದೆತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವರಿಗೆ ಈ ಹೋಲಿಕೆ ಹೇಳುವುದು ಸರಿಯಾಗದು. ಅವರು ಕಾರು ಇಟ್ಟುಕೊಳ್ಳಬೇಕು, ಬೆಲೆ ತಿಳಿದು ಇಟ್ಟುಕೊಳ್ಳಬೇಕು.

ಸಿಎನ್‌ಜಿ ಬೇಕೇ ಎಂಬುದಕ್ಕೂ ಇದೇ ದಾರಿ. ಪೆಟ್ರೋಲ್ ಮಾದರಿಗಿಂತ 90,000 ಹೆಚ್ಚು, ತೆರಿಗೆ ಸೇರಿ 1,04,000 ಎನ್ನಿ. ಕೆ.ಜಿ.ಗೆ 90 ರೂಪಾಯಿ, ಕೆ.ಜಿ.ಗೆ 22 ಕಿ.ಮೀ. ಎಂದಿಟ್ಟುಕೊಂಡರೆ ಪೆಟ್ರೋಲಿಗಿಂತ ಕಿಲೋಮೀಟರಿಗೆ ಉಳಿಯುವುದು ಸುಮಾರು 2 ರೂಪಾಯಿ 78 ಪೈಸೆ. ಅಂದರೆ 37,000 ಕಿ.ಮೀ. ದಾಟಿದ ಮೇಲಷ್ಟೇ ಲಾಭದ ಆರಂಭ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸುವ ಖರ್ಚು ಬೇರೆ.

ಖರ್ಚು ತಗ್ಗಿಸುವ ಅತಿ ದೊಡ್ಡ ಉಪಾಯ ಮಾತ್ರ ಮೈಲೇಜಿನಲ್ಲಿಲ್ಲ, ಕಾರನ್ನು ಹೆಚ್ಚು ಕಾಲ ಇಟ್ಟುಕೊಳ್ಳುವುದರಲ್ಲಿದೆ. ಇದೇ ಕಾರನ್ನು ಹತ್ತು ವರ್ಷ ಓಡಿಸಿ ಒಂದೂವರೆ ಲಕ್ಷಕ್ಕೆ ಮಾರಿದರೆ ಬೆಲೆಕುಸಿತ ವರ್ಷಕ್ಕೆ 63,800ಕ್ಕೆ, ಬಡ್ಡಿ 12,275ಕ್ಕೆ ಇಳಿಯುತ್ತದೆ. ಕ್ಲಚ್, ಸಸ್ಪೆನ್ಷನ್ ಎಂದು ರಿಪೇರಿಗೆ ವರ್ಷಕ್ಕೆ ಹದಿನೈದು ಸಾವಿರ ಹೆಚ್ಚು ಹೋದರೂ ಇಪ್ಪತ್ತು ಸಾವಿರದಷ್ಟು ಉಳಿತಾಯ. ನೋಂದಣಿ ಹದಿನೈದು ವರ್ಷ ಚಾಲ್ತಿಯಲ್ಲಿರುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬಹುದು, 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000.

ಮಾರುವಾಗ

ಸಾಲ ತೀರಿದ ಕೂಡಲೇ ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಪಡೆದು ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಇರುವ ಬ್ಯಾಂಕಿನ ಹೆಸರನ್ನು ಆರ್‌ಟಿಒದಲ್ಲಿ ತೆಗೆಸಿ. ಇದನ್ನು ಮುಂದೂಡಿದವರು ಮಾರುವ ಹೊತ್ತಿಗೆ ಮುಚ್ಚಿಹೋದ ಶಾಖೆಯನ್ನು ಹುಡುಕಿಕೊಂಡು ಅಲೆಯುತ್ತಾರೆ. ಕೊಳ್ಳುವವರ ಕೈಗೆ ಬೀಗದ ಕೈ ಕೊಟ್ಟು ಹಣ ಎಣಿಸಿಕೊಂಡರೆ ವ್ಯವಹಾರ ಮುಗಿಯಿತೆಂದು ತಿಳಿಯಬಾರದು. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30 ಸಲ್ಲಿಕೆಯಾಗಿ ಆರ್‌ಸಿ ಹೊಸಬರ ಹೆಸರಿಗೆ ವರ್ಗವಾಗುವವರೆಗೆ, ಆ ಕಾರಿನಿಂದ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ವರ್ಗಾವಣೆ ಆಗಿದೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ನೀವೇ ನೋಡಿ ಖಚಿತಪಡಿಸಿಕೊಳ್ಳಿ. ಮಧ್ಯವರ್ತಿಯ ಮೂಲಕ ಮಾರಿದ್ದರಂತೂ ಇದನ್ನು ಬಿಡಲೇಬೇಡಿ.