ಬೆಲೆಯಿಲ್ಲದ ಷೇರುಗಳ ನಷ್ಟವನ್ನು ನಾನು ತೆರಿಗೆ ಲೆಕ್ಕಕ್ಕೆ ತಂದ ಬಗೆ

ನನ್ನ ಡಿಮ್ಯಾಟ್ ಖಾತೆಯಲ್ಲಿ ಮೂರು ಕಂಪನಿಗಳ ಷೇರುಗಳು ಹತ್ತು ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ಬಿದ್ದಿದ್ದವು. ಒಂದರ ಬೆಲೆ ನಲವತ್ತು ಪೈಸೆಯ ಆಸುಪಾಸಿಗೆ ಇಳಿದಿತ್ತು, ಇನ್ನೊಂದರ ವಹಿವಾಟು ಷೇರುಪೇಟೆಯಲ್ಲಿ ಅಮಾನತಾಗಿತ್ತು, ಮೂರನೆಯ ಕಂಪನಿ ಸಮಾಪನದಲ್ಲಿ, ಅಂದರೆ ಆಸ್ತಿ ಮಾರಿ ಸಾಲ ತೀರಿಸಿ ಕಂಪನಿಯನ್ನೇ ಮುಚ್ಚುವ ಹಂತದಲ್ಲಿತ್ತು. ಅಮೆರಿಕದಲ್ಲಿರುವ ಅಕ್ಕನ ಮಗ, “ಇಲ್ಲಿ ಷೇರು ಪೂರ್ತಿ ಬೆಲೆ ಕಳೆದುಕೊಂಡರೆ ಆ ವರ್ಷದ ಕೊನೆಯ ದಿನ ಮಾರಿದಂತೆ ಎಂದೇ ಲೆಕ್ಕ ಹಿಡಿಯುತ್ತಾರೆ ಮಾವ, ನೀವೂ ಹಾಗೆ ಬರೆಯಿರಿ” ಎಂದ. ನಮ್ಮಲ್ಲಿ ಹಾಗೆ ಬರೆಯಲು ಬರುವುದಿಲ್ಲ. ನನ್ನ ಈ ಮಾರಾಟಗಳಿಗೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಬಂಡವಾಳ ಲಾಭವಾಗಲಿ ನಷ್ಟವಾಗಲಿ ಹುಟ್ಟುವುದು ಸ್ವತ್ತಿನ ‘ವರ್ಗಾವಣೆ’ ನಡೆದಾಗ ಮಾತ್ರ; ಷೇರು ಕಾಗದಕ್ಕೂ ಸಮನಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದರೂ, ಅದು ನನ್ನ ಹೆಸರಿನಲ್ಲಿ ಇರುವವರೆಗೆ ನಷ್ಟವೆಂಬುದು ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಮೊದಲನೆಯದನ್ನು ಷೇರುಪೇಟೆಯಲ್ಲಿಯೇ ಮಾರಿದೆ. 38 ರೂಪಾಯಿಯಂತೆ ಕೊಂಡ 5,000 ಷೇರುಗಳವು. ಲೋವರ್ ಸರ್ಕ್ಯೂಟ್‌ಗೆ (ಆ ದಿನ ಬೆಲೆ ಇಳಿಯಬಹುದಾದ ಕೆಳಮಿತಿಗೆ) ತಾಗಿದ ಷೇರಿಗೆ ಕೊಳ್ಳುವವರು ಅಪರೂಪವಾದ್ದರಿಂದ, ದಿನವೂ ಪೇಟೆ ತೆರೆಯುವ ಮೊದಲೇ ಆರ್ಡರ್ ಹಾಕಿ ಸರದಿಯಲ್ಲಿ ಮುಂದೆ ನಿಲ್ಲಬೇಕಾಯಿತು. ಎಲ್ಲವೂ ಹೋಗಲು ಹನ್ನೊಂದು ದಿನ ಹಿಡಿಯಿತು. ಒಂದು ದಿನ ಬರೀ 35 ಷೇರು ಹೋಗಿ ಹದಿನಾಲ್ಕು ರೂಪಾಯಿ ಬಂತು. ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯಲು ಹಿಡಿಯುವ ಆ ದಿನದ ಡಿಪಿ ಶುಲ್ಕ ಅದಕ್ಕಿಂತ ಹೆಚ್ಚು. ಕೊನೆಗೆ ಸಿಕ್ಕಿದ್ದು ಒಟ್ಟು 2,000 ರೂಪಾಯಿ, ದೀರ್ಘಾವಧಿ ನಷ್ಟ 1,88,000. ಹಳೆಯ ಷೇರುಗಳಿಗೆ ಕೆಲವು ಸಂದರ್ಭಗಳಲ್ಲಿ ಕೊಂಡ ಬೆಲೆಯ ಬದಲು 2018ರ ಜನವರಿ 31ರ ಬೆಲೆಯನ್ನು ಹಿಡಿಯುವ ನಿಯಮ ಈ ನಷ್ಟವನ್ನು ಕಡಿಮೆ ಮಾಡುವುದಿಲ್ಲ, ಏಕೆಂದರೆ ಮಾರಾಟದ ಬೆಲೆ ಕೊಂಡ ಬೆಲೆಗಿಂತ ಕೆಳಗಿದ್ದಾಗ ಕೊಂಡ ಬೆಲೆಯೇ ನಿಲ್ಲುತ್ತದೆ.

ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದ ಎದುರು ಮಾತ್ರ ವಜಾ ಮಾಡಬಹುದು. 2025ರ ಜನವರಿಯಲ್ಲಿ ಈಕ್ವಿಟಿ ಮ್ಯೂಚುವಲ್ ಫಂಡ್ ಮಾರಿದ್ದರಿಂದ ನನಗೆ 3,40,000 ರೂಪಾಯಿ ಲಾಭವಿತ್ತು. ನಷ್ಟ ಕಳೆದು ಉಳಿದ 1,52,000ದಲ್ಲಿ 1,25,000ಕ್ಕೆ ವಿನಾಯಿತಿ, ಮಿಕ್ಕ 27,000ಕ್ಕೆ ಶೇ. 12.5ರ ತೆರಿಗೆ. ಸೆಸ್ ಸೇರಿ 3,510 ರೂಪಾಯಿ ಕಟ್ಟಿದೆ. ಆ ನಷ್ಟವಿಲ್ಲದಿದ್ದರೆ 27,950 ಕಟ್ಟಬೇಕಿತ್ತು.

ಎರಡನೆಯ ಷೇರನ್ನು ಅದೇ ವರ್ಷ ಮಾರದೆ ಬೇಕೆಂದೇ ಹೊಸ ಹಣಕಾಸು ವರ್ಷ ಶುರುವಾಗುವ ಏಪ್ರಿಲ್‌ವರೆಗೆ ತಡೆದೆ. ನಷ್ಟದ ವಜಾ ಮೊದಲು, ವಿನಾಯಿತಿ ಆಮೇಲೆ ಎಂಬ ಕ್ರಮವನ್ನು ಬಹಳ ಜನ ಗಮನಿಸುವುದಿಲ್ಲ. ಅದರ 1,34,700 ರೂಪಾಯಿ ನಷ್ಟವನ್ನೂ ಆ ವರ್ಷಕ್ಕೇ ತಂದಿದ್ದರೆ, ಅದರಲ್ಲಿ 27,000 ಮಾತ್ರ ಉಪಯೋಗಕ್ಕೆ ಬಂದು, ಉಳಿದದ್ದು ಹೇಗೂ ತೆರಿಗೆಯಿಲ್ಲದ ಲಾಭವನ್ನು ತಿಂದು ಮುಗಿದುಹೋಗುತ್ತಿತ್ತು. ಮುಂದಿನ ವರ್ಷದ ನಷ್ಟವಾದರೆ, ಗಡುವಿನೊಳಗೆ ರಿಟರ್ನ್ ಸಲ್ಲಿಸಿದಲ್ಲಿ, ಎಂಟು ವರ್ಷ ಮುಂದಕ್ಕೆ ಒಯ್ಯಬಹುದು.

ಅಮಾನತಾದ ಷೇರನ್ನು ಪೇಟೆಯ ಹೊರಗೆ ಮಾರುವುದೊಂದೇ ದಾರಿ. ದಾನವಾಗಿ ಕೊಟ್ಟರೆ ಅದು ವರ್ಗಾವಣೆಯಲ್ಲ, ನಷ್ಟವೂ ಸಿಗುವುದಿಲ್ಲ. ನೆಂಟರಲ್ಲದ ಪರಿಚಿತರೊಬ್ಬರಿಗೆ 3,000 ಷೇರುಗಳನ್ನು 300 ರೂಪಾಯಿಗೆ ಮಾರಿ, ಹಣವನ್ನು ಬ್ಯಾಂಕಿನ ಮೂಲಕವೇ ಪಡೆದು, ಷೇರನ್ನು ಇನ್ನೊಬ್ಬರ ಖಾತೆಗೆ ಕಳಿಸಲು ಹೇಳುವ ಡೆಲಿವರಿ ಇನ್‌ಸ್ಟ್ರಕ್ಷನ್ ಸ್ಲಿಪ್ ತುಂಬಿಕೊಟ್ಟೆ. ಡಿಮ್ಯಾಟ್ ಷೇರುಗಳನ್ನು ಇಟ್ಟುಕೊಳ್ಳುವ ಸಂಸ್ಥೆಯಾದ ಡಿಪಾಸಿಟರಿಯಿಂದ ಬಂದ ಒಟಿಪಿಗೆ ಒಪ್ಪಿಗೆ ಕೊಟ್ಟ ಮೇಲೆ ಷೇರು ಅವರ ಖಾತೆಗೆ ಹೋಯಿತು. ಕಷ್ಟವಿರುವುದು ಇದಕ್ಕೂ ಮೊದಲು. ಪೇಟೆಯಲ್ಲಿ ನಿಯಮಿತವಾಗಿ ದರ ನಮೂದಾಗದ ಷೇರಿಗೆ 1961ರ ಕಾಯ್ದೆಯ ಕಲಂ 50ಸಿಎ ಅನ್ವಯಿಸುತ್ತಿದ್ದುದರಿಂದ, ನಾವು ಬರೆದ ಬೆಲೆಯು ನಿಯಮ 11ಯುಎ ಪ್ರಕಾರದ ನ್ಯಾಯಬೆಲೆಗಿಂತ ಕಡಿಮೆಯಿದ್ದರೆ ನ್ಯಾಯಬೆಲೆಗೇ ಮಾರಿದ್ದೆಂದು ಎಣಿಸಲಾಗುತ್ತಿತ್ತು. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ನೂರು ರೂಪಾಯಿ ಕಟ್ಟಿ ಕಂಪನಿಯ ಕಡೆಯ ಆಸ್ತಿ-ಹೊಣೆ ಪಟ್ಟಿಯನ್ನು ತೆಗೆದು ನೋಡಿದೆ. ಸಾಲ ಆಸ್ತಿಯನ್ನು ಮೀರಿತ್ತು, ಹಾಗಾಗಿ ನ್ಯಾಯಬೆಲೆ ಸೊನ್ನೆ. ಆ ಪಟ್ಟಿ ಹಳೆಯದಾಗಿರುವುದು ನನ್ನ ಕೈಯಲ್ಲಿರುವ ದುರ್ಬಲ ಎಳೆ ಎಂದು ನಮ್ಮ ಆಡಿಟರು ಎಚ್ಚರಿಸಿದ್ದಾರೆ, ಅವರ ಮಾತು ಸರಿಯೇ. ಪೆನ್ನಿ ಷೇರಿನ ಹೆಸರಿನಲ್ಲಿ ಹುಸಿ ಲಾಭ-ನಷ್ಟ ಸೃಷ್ಟಿಸಿದವರಿಂದಾಗಿ ಇಲಾಖೆಗೆ ಇಂಥ ವಹಿವಾಟಿನ ಮೇಲೆ ಸದಾ ಕಣ್ಣು. ಆದ್ದರಿಂದ ಕೊಂಡಾಗಿನ ಕಾಂಟ್ರಾಕ್ಟ್ ನೋಟ್‌ನಿಂದ ಹಿಡಿದು ಮಾರಾಟದ ಪತ್ರದವರೆಗೆ ಎಲ್ಲವನ್ನೂ ಒಂದೇ ಕಡತದಲ್ಲಿ ಇಟ್ಟಿದ್ದೇನೆ.

ಮೂರನೆಯದನ್ನು ಇನ್ನೂ ಮುಟ್ಟಿಲ್ಲ. ‘ವರ್ಗಾವಣೆ’ ಎಂದರೆ ಮಾರಾಟವಷ್ಟೇ ಅಲ್ಲ, ಹಕ್ಕು ಅಳಿಯುವುದೂ ಅದರಲ್ಲಿ ಸೇರುತ್ತದೆ. ಬೆಂಗಳೂರಿನ ಜುಪಿಟರ್ ಕ್ಯಾಪಿಟಲ್ ಪ್ರಕರಣದಲ್ಲಿ, ಷೇರು ಬಂಡವಾಳ ಇಳಿಸಿದ್ದರಿಂದ ಆದ ನಷ್ಟವನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಮಾನ್ಯ ಮಾಡಿದ್ದು ಈ ಆಧಾರದ ಮೇಲೆಯೇ. ಸಮಾಪನದಲ್ಲಿ ಷೇರುದಾರನಿಗೆ ಏನೂ ಸಿಗದಿದ್ದರೂ ನಷ್ಟ ಸಲ್ಲುತ್ತದೆ ಎಂಬ ಗುಜರಾತ್ ಹೈಕೋರ್ಟಿನ ಹಳೆಯ ತೀರ್ಪೂ ಇದೆ. ಆದರೆ ಸಮಾಪನ ಆರಂಭವಾದ ಮಾತ್ರಕ್ಕೆ ಹಕ್ಕು ಅಳಿದಂತಲ್ಲ. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಿಂದ (ಎನ್‌ಸಿಎಲ್‌ಟಿ) ವಿಸರ್ಜನೆಯ ಆದೇಶ ಹೊರಬಿದ್ದ ವರ್ಷದ ರಿಟರ್ನ್‌ನಲ್ಲಿ, 1961ರದರ ಬದಲಿಗೆ ಬಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಕಲಂ ನೋಡಿಕೊಂಡು, ಆ 1,20,000 ರೂಪಾಯಿಯ ನಷ್ಟವನ್ನು ತೋರಿಸಬೇಕೆಂದಿದ್ದೇನೆ. ಸದ್ಯಕ್ಕೆ ಮೂರು ತಿಂಗಳಿಗೊಮ್ಮೆ ಆ ಪ್ರಕರಣದ ಸ್ಥಿತಿಯನ್ನು ನೋಡಿ ಕಡತದಲ್ಲಿ ದಿನಾಂಕ ಬರೆದಿಡುತ್ತಿದ್ದೇನೆ.