ಡಾಕ್ಟರು ಟೈಪ್ ಮಾಡೋದು ಬಿಟ್ಟ ಮೇಲೆ

ಚಿಂತಾಮಣಿಯಲ್ಲಿ ನನ್ನದು ಹನ್ನೆರಡು ಹಾಸಿಗೆಯ ನರ್ಸಿಂಗ್ ಹೋಮ್. ಓಪಿಡಿಗೆ, ಅಂದರೆ ತೋರಿಸಿಕೊಂಡು ಹೋಗೋಕೆ, ದಿನಕ್ಕೆ ಎಂಬತ್ತು–ತೊಂಬತ್ತು ಜನ. "ನಮ್ಮೂರಲ್ಲಿ ಕಂಪ್ಯೂಟರ್ ರೆಕಾರ್ಡ್ ನಡೆಯಲ್ಲ ಬಿಡಿ ಸಾರ್" ಅಂದಿದ್ದ ಗೆಳೆಯರೇ ಈಗ ಬಂದು ಕೌಂಟರ್ ಪಕ್ಕ ನಿಂತು ನೋಡಿಕೊಂಡು ಹೋಗ್ತಿದ್ದಾರೆ. ಅದಕ್ಕೇ ಬರೀತಿದ್ದೀನಿ.

2018ರ ಸುಮಾರಿಗೆ ಪೇಷಂಟುಗಳ ರೆಕಾರ್ಡ್ ಇಡೋಕೆ ಒಂದು ಕಂಪನಿಯ ಸಾಫ್ಟ್‌ವೇರ್ ಹಾಕಿಸಿದೆ. ಒಂದೂಮುಕ್ಕಾಲು ಲಕ್ಷ, ಮೇಲೆ ವರ್ಷಕ್ಕೆ ಮೂವತ್ತು ಸಾವಿರದಷ್ಟು ಎಎಂಸಿ, ಅಂದರೆ ನಿರ್ವಹಣೆ ಖರ್ಚು. ಬಿಲ್ಲೇನೋ ಚೆನ್ನಾಗಿ ಬರ್ತಿತ್ತು. ಆದರೆ ನೆಗಡಿ ಅಂತ ಬಂದವನಿಗೂ ಏಳು ಪುಟ ತೆರೆಯಬೇಕು. "ಟಿವಿ ನೋಡ್ಕೊಂಡೇ ಮಾತ್ರೆ ಬರೀತಾನೆ" ಅಂತ ಒಬ್ಬ ಅಜ್ಜಿ ಹೊರಗೆ ಕೂತವರಿಗೆಲ್ಲ ಸಾರಿಬಿಟ್ಟಳು. ಎರಡು ವರ್ಷಕ್ಕೆ ಬಿಟ್ಟೆ. ನನ್ನ ಡೇಟಾ ಕೊಡಿ ಅಂದರೆ ಸಾವಿರಾರು ಪಿಡಿಎಫ್ ತುಂಬಿದ ಪೆನ್‌ಡ್ರೈವ್ ಕೈಗಿಟ್ಟರು. ಅದರಲ್ಲಿ ಹುಡುಕೋದಕ್ಕಿಂತ ಹಳೇ ರಿಜಿಸ್ಟರೇ ವಾಸಿ.

ಈ ರೆಕಾರ್ಡ್ ಸಾಫ್ಟ್‌ವೇರ್ ವ್ಯಾಪಾರ ಬೆಳೆದಿದ್ದೇ ಬೇರೆ ಥರದ ಆಸ್ಪತ್ರೆಗಳಲ್ಲಿ. ಅಮೆರಿಕದಲ್ಲಿ 2009ರ ಕಾನೂನು ಸರ್ಕಾರದ ದುಡ್ಡು ಕೊಟ್ಟು ಡಾಕ್ಟರುಗಳನ್ನ ಕಂಪ್ಯೂಟರ್ ಮುಂದೆ ಕೂರಿಸಿತು. 2022ರಲ್ಲಿ ಒರಾಕಲ್ ಸುಮಾರು 28 ಬಿಲಿಯನ್ ಡಾಲರ್ ಕೊಟ್ಟು ಇಂಥ ಸಾಫ್ಟ್‌ವೇರ್ ಮಾಡೋ ಸರ್ನರ್ ಕಂಪನಿಯನ್ನ ಕೊಂಡಿತು. ಅಲ್ಲಿ ಇನ್ಶೂರೆನ್ಸ್‌ನವರಿಗೆ ಲೆಕ್ಕ ಒಪ್ಪಿಸಬೇಕು, ಪುಟ ಜಾಸ್ತಿ. ನಮ್ಮ ಓಪಿಡಿಯಲ್ಲಿ ಪೇಷಂಟು ಜೇಬಿಂದ ಇನ್ನೂರು ತೆಗೆದಿಟ್ಟು ಬಸ್ಸಿಗೆ ಓಡ್ತಾನೆ.

ಆಮೇಲೆ ಬಾಹ್ಮ್ನಿ ಅನ್ನೋ ಆಸ್ಪತ್ರೆ ಸಾಫ್ಟ್‌ವೇರ್ ಹಿಡಿದೆ. ಛತ್ತೀಸ್‌ಗಢದ ಗನಿಯಾರಿ ಆಸ್ಪತ್ರೆಗಾಗಿ ಶುರುವಾದದ್ದು, ಒಳಗಿರೋದು ಓಪನ್‌ಎಂಆರ್‌ಎಸ್ ಅನ್ನೋ ರೆಕಾರ್ಡ್ ಸಾಫ್ಟ್‌ವೇರ್, ಲೈಸೆನ್ಸಿಗೆ ಕಾಸಿಲ್ಲ. ನನ್ನ ಹಳೇ ಡೆಸ್ಕ್‌ಟಾಪ್ ಏದುಸಿರು ಬಿಟ್ಟಿತು. ಸೆಕೆಂಡ್‌ಹ್ಯಾಂಡ್ ಸರ್ವರಿಗೆ ನಲವತ್ತು ಸಾವಿರ, ಯುಪಿಎಸ್ ಬ್ಯಾಟರಿಗೆ ಇಪ್ಪತ್ತು, ಕೂರಿಸಿಕೊಟ್ಟ ಹುಡುಗನಿಗೆ ಇನ್ನೊಂದು ಇಪ್ಪತ್ತೈದು.

ಗೆದ್ದದ್ದು ಸರ್ವರಿನಿಂದಲ್ಲ. ನಾನು ಕೀಬೋರ್ಡ್ ಮುಟ್ಟೋದೇ ಬಿಟ್ಟೆ. ಚೀಟಿ ಪೆನ್ನಲ್ಲೇ ಬರೀತೀನಿ. ಹೊರಗೆ ಸಿಸ್ಟರ್ ಬಿಪಿ, ತೂಕ, ಶುಗರ್, ಕಾಯಿಲೆ, ಮುಂದಿನ ತಾರೀಖು ಇಷ್ಟೇ ಹಾಕಿ ಚೀಟಿಯ ಫೋಟೋ ಸೇರಿಸ್ತಾರೆ. ಒಬ್ಬರಿಗೆ ನಲವತ್ತು ಸೆಕೆಂಡು. ಕಾಯಿಲೆಗೆ ನಾನೇ ಆರಿಸಿದ ಅರವತ್ತು ಹೆಸರು, ಒಂದೊಂದಕ್ಕೂ ಐಸಿಡಿ-10 ಸಂಖ್ಯೆ, ಅಂದರೆ ಕಾಯಿಲೆಗಳಿಗಿರೋ ಅಂತರರಾಷ್ಟ್ರೀಯ ಕೋಡ್. ಆ ಪಟ್ಟಿ ಮಾತ್ರ ಕೇಳಬೇಡಿ, ಮೂರು ತಿಂಗಳ ರಾತ್ರಿ ಕೂತು ಮಾಡಿದ್ದು.

ನಡುವೆ ಫೋನಿಗೆ ಮಾತಾಡಿ ಬರೆಸೋ ಹುಚ್ಚೂ ಹಿಡಿದಿತ್ತು. ನಮ್ಮ ಕಡೆಯವರ ಕನ್ನಡ–ತೆಲುಗು ಕಲಬೆರಕೆ ಅದಕ್ಕೆಲ್ಲಿ ಅರ್ಥವಾಗಬೇಕು? ತೆಲುಗಲ್ಲಿ "ಕಡುಪು ನೊಪ್ಪಿ", ಅಂದರೆ ಹೊಟ್ಟೆನೋವು, ಅಂತ ಹೇಳಿದರೆ "ಕಡುಬು ನೋಡಿ" ಅಂತ ಬರೀತು. ವಾರಕ್ಕೇ ಸಾಕಾಯ್ತು.

ಹೆಸರಿನ ಗೋಳು ಇದಕ್ಕಿಂತ ದೊಡ್ಡದು. ಒಂದೇ ಹಳ್ಳಿಯಲ್ಲಿ ನಾಲ್ಕು ಜನ ನಾರಾಯಣಸ್ವಾಮಿ. ಸರ್ಕಾರದ ಆರೋಗ್ಯ ಗುರುತಿನ ಹದಿನಾಲ್ಕು ಅಂಕಿಯ ಆಭಾ ನಂಬರ್ ಮಾಡಿಸೋಣ ಅಂದರೆ ಒಟಿಪಿ ಬೆಂಗಳೂರಲ್ಲಿರೋ ಮಗನ ಫೋನಿಗೆ ಹೋಗುತ್ತೆ, ಮಗ ಡ್ಯೂಟಿಯಲ್ಲಿರ್ತಾನೆ. ಕೊನೆಗೆ ಬೇರೊಂದು ಗುರುತು ಹಿಡಿದೆ. ಅದನ್ನ ಎದುರು ಸಿಕ್ಕಾಗ ಹೇಳ್ತೀನಿ.

ಈಗ ತಿಂಗಳ ಮೊದಲನೇ ತಾರೀಖಿನಂದು, ಬರಬೇಕಾದ ದಿನ ಬಾರದ ಶುಗರ್ ಪೇಷಂಟುಗಳ ಪಟ್ಟಿ ತೆಗೆದು ಸಿಸ್ಟರ್ ಫೋನ್ ಹಚ್ತಾರೆ. ಹತ್ತಕ್ಕೆ ಆರೇಳು ಮಂದಿ ವಾಪಸ್ ಬರ್ತಾರೆ. ಮೊದಲು "ಬಿಡಿ ಸಾರ್" ಅಂದಿದ್ದ ಗೆಳೆಯ ಮೊನ್ನೆ ಬಂದು ಸರ್ವರ್ ಎಲ್ಲಿ ಸಿಗುತ್ತೆ ಅಂದ. ಸರ್ವರ್ ಕೊಡಿಸ್ತೀನಪ್ಪ, ಸಿಸ್ಟರ್‌ನ ಮಾತ್ರ ಕಳಿಸಲ್ಲ ಅಂದೆ.