ದೊಡ್ಡಗಣ್ಣಿನ ಮೀನು, ಬೆಳಗಾವಿಯ ಲ್ಯಾಬಿನಲ್ಲಿ

ಬಿಎಸ್‌ಸಿ ಹುಡುಗರಿಗೆ ಮೀನಿನ ಕಣ್ಣು ತೋರಿಸಬೇಕಾದಾಗ ನಾನು ಚಾರ್ಟ್ ಬಿಡಿಸುವುದಿಲ್ಲ. ಬೆಳಗ್ಗೆ ಬೇಗ ಊರಿನ ಕ್ಯಾಂಪ್ ಪ್ರದೇಶದ ಮೀನು ಮಾರ್ಕೆಟ್‌ಗೆ ಹೋಗಿ ಬುಲ್ಸ್‌ಐ ಎಂಬ ದೊಡ್ಡ ಕಣ್ಣಿನ ಸಮುದ್ರ ಮೀನು ಹುಡುಕುತ್ತೇನೆ. ಮೈಯೆಲ್ಲ ಕೆಂಪು, ತಲೆಯ ಅರ್ಧ ಭಾಗ ಕಣ್ಣೇ. ಗೋವಾ ಕಡೆಯ ಗಾಡಿಯಲ್ಲಿ ಒಮ್ಮೊಮ್ಮೆ ಬಂದಿರುತ್ತದೆ. ಮಾರುವ ಮಾವಶಿಗೆ ಅದರ ಮೇಲೆ ಪ್ರೀತಿಯಿಲ್ಲ. "ತೊಗಲ ಗಟ್ಟಿ ಐತ್ರಿ ಸರ್, ಸುಲಿಬೇಕಾಗತೈತಿ, ಬ್ಯಾರೆ ತಗೋರಿ" ಅನ್ನುತ್ತಾರೆ. ನನಗೆ ಬೇಕಾದದ್ದು ಕಣ್ಣು. ಅದು ಮಬ್ಬಾಗಿದ್ದರೆ ಮೀನು ಎಷ್ಟೇ ಅಗ್ಗವಾದರೂ ಬೇಡ.

ಲ್ಯಾಬಿನಲ್ಲಿ ಮೊದಲು ಕಿಟಕಿ ಮುಚ್ಚಿ, ನಮ್ಮ ಹಣೆಯ ಹತ್ತಿರ ಟಾರ್ಚ್ ಹಿಡಿದು ಮೀನಿನ ಕಣ್ಣಿಗೆ ಬಿಡಬೇಕು. ತಾಜಾ ಇದ್ದರೆ ಕಣ್ಣು ಹೊಳೆಯುತ್ತದೆ. ರೆಟಿನಾದ, ಅಂದರೆ ಬೆಳಕನ್ನು ಗ್ರಹಿಸುವ ಕಣ್ಣಿನ ಒಳಪರದೆಯ, ಹಿಂದಿರುವ ಪ್ರತಿಫಲಕ ಪದರದ ಕೆಲಸ ಅದು. ಒಳಗೆ ಹೋದ ಬೆಳಕನ್ನು ಅದು ಮತ್ತೊಮ್ಮೆ ರೆಟಿನಾಗೆ ಕೊಡುತ್ತದೆ. ಹಗಲಿಡೀ ಬಂಡೆಯ ಸಂದಿಯಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಸಣ್ಣ ಸಿಗಡಿ, ಮರಿಮೀನು ಹಿಡಿಯುವ ಪ್ರಾಣಿಗೆ ಒಂದು ಹನಿ ಬೆಳಕೂ ಲಾಭವೇ ಅಲ್ವಾ?

ಆಮೇಲೆ ಬ್ಲೇಡ್. ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾದ ಅಂಚಿನಲ್ಲಿ ಸುತ್ತ ಕತ್ತರಿಸಿ, ಮೆಲ್ಲಗೆ ಅದುಮಿದರೆ ಲೆನ್ಸ್ ಗೋಲಿಯ ಹಾಗೆ ಉರುಳಿ ಬರುತ್ತದೆ. ಅದನ್ನು ಪೇಪರ್ ಮೇಲಿಟ್ಟರೆ ಅಕ್ಷರ ದೊಡ್ಡದಾಗುತ್ತದೆ. ನೀರಿನಲ್ಲಿ ಕಾರ್ನಿಯಾ ಬೆಳಕನ್ನು ಹೆಚ್ಚು ಬಾಗಿಸುವುದಿಲ್ಲ, ಅದಕ್ಕೇ ಲೆನ್ಸ್ ಇಷ್ಟು ದುಂಡಗೆ. ನಮ್ಮ ಲೆನ್ಸ್ ಆಕಾರ ಬದಲಿಸುತ್ತದೆ. ಮೀನು ಲೆನ್ಸನ್ನೇ ಹಿಂದೆ ಮುಂದೆ ಸರಿಸುತ್ತದೆ.

ರಾತ್ರಿ ಓಡಾಡುವ ಮೀನಿಗೆ ಕೆಂಪು ಬಣ್ಣ ಯಾಕೆ? ಈ ಪ್ರಶ್ನೆ ಬಂದೇ ಬರುತ್ತದೆ. ಗಣಪತಿ ಮಂಟಪದ ಲೈಟಿಗೆ ಕಟ್ಟುವ ನೀಲಿ ಜಿಲೆಟಿನ್ ಹಾಳೆಯನ್ನು ಟಾರ್ಚಿಗೆ ಸುತ್ತಿ ಮೀನಿನ ಮೇಲೆ ಬಿಡುತ್ತೇನೆ. ಕೆಂಪು ಕಪ್ಪಾಗುತ್ತದೆ. ಸಮುದ್ರದಲ್ಲಿ ಆಳಕ್ಕೆ ಹೋದಂತೆ ಕೆಂಪು ಬೆಳಕೇ ಮೊದಲು ಹೀರಿಹೋಗುತ್ತದೆ, ಮೀನು ಕತ್ತಲಲ್ಲಿ ಬೆರೆತುಬಿಡುತ್ತದೆ. ಜೀವಂತ ಮೀನು ಕೆಂಪಿನಿಂದ ಬೆಳ್ಳಿ ಬಣ್ಣಕ್ಕೂ ಬೇಗ ತಿರುಗುತ್ತದೆ. ಅದನ್ನು ಮಾತ್ರ ವಿಡಿಯೋದಲ್ಲೇ ತೋರಿಸಬೇಕು.

ಕೊನೆಗೆ ರೆಕಾರ್ಡ್ ಬುಕ್. ಹೊಟ್ಟೆಯ ಈಜುರೆಕ್ಕೆ ಪೊರೆಯಿಂದ ಮೈಗೆ ಅಂಟಿದ್ದು, ಬಾಲ ಅರ್ಧಚಂದ್ರದಂತಿದ್ದರೆ ಪ್ರಯಾಕ್ಯಾಂಥಸ್ ಹಮ್ರೂರ್ ಅಂತ ಬರೆಸುತ್ತೇನೆ. ಪಕ್ಕದಲ್ಲಿ ಈ ಮೀನನ್ನು ಮೊದಲು ವಿವರಿಸಿದವನ ಹೆಸರು, ಇಸವಿ: ಫೊರ್ಸ್‌ಸ್ಕಾಲ್, 1775. ಕೆಂಪು ಸಮುದ್ರದ ಮೀನುಗಳನ್ನು ವಿವರಿಸಿದ ಆತ 1763ರಲ್ಲೇ ಯೆಮನ್‌ನಲ್ಲಿ ತೀರಿಹೋಗಿದ್ದ, ಪುಸ್ತಕ ಅಚ್ಚಾದದ್ದು ಆಮೇಲೆ. ಆತ ಇದನ್ನು ಸಿಯೀನಾ ಎಂಬ ಬೇರೆ ಕುಲಕ್ಕೆ ಸೇರಿಸಿದ್ದರಿಂದ ಆತನ ಹೆಸರು, ಇಸವಿಯನ್ನು ಕಂಸದೊಳಗೆ ಹಾಕಬೇಕು. ಕಂಸ ಮರೆತವರಿಗೆ ಅರ್ಧ ಮಾರ್ಕು ಕಡಿಮೆ.